ಅಷ್ಟುದ್ದದ ಸಕ್ಕರೆ ಸರಪಳಿ ಪೊರೆ ದಾಟುವುದು ಹೇಗೆ?

ಪ್ರಶ್ನೆ: ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆ ಸರಪಳಿಗಳ ಹೊದಿಕೆ ಇರುತ್ತದೆ ಎಂದು ಓದಿದೆ. ಪೊರೆ ಹರಿಯದಂತೆ ಅವು ಒಳಗಿನಿಂದ ಆಚೆ ಬರುವುದು ಹೇಗೆ?

ತುಂಬ ಜನ ಕೇಳುವ ಪ್ರಶ್ನೆ ಇದು. ಕೇಳಬೇಕಾದದ್ದೇ. ಪೊರೆ ಎಂದರೆ ಕೊಬ್ಬು. ಎಣ್ಣೆಗೆ ಸಕ್ಕರೆ ಹಾಕಿದರೆ ಕರಗದೆ ತಳದಲ್ಲಿ ಕೂರುತ್ತದೆ, ಅಲ್ವಾ? ಹಾಗೆಯೇ ಸಕ್ಕರೆ ತಾನಾಗಿ ಪೊರೆಯೊಳಗೆ ನುಗ್ಗಲಾರದು. ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕಂತೂ ಪೊರೆ ಎರಡು.

ಇ. ಕೋಲೈನ ಕೆ30 ಎಂಬ ಬಗೆಯನ್ನು ನೋಡೋಣ. ಇದರಲ್ಲಿ ಉದ್ದದ ಸರಪಳಿ ಒಳಪೊರೆಯನ್ನು ದಾಟುವುದೇ ಇಲ್ಲ! ಒಳಗೆ ತಯಾರಾಗುವುದು ನಾಲ್ಕೇ ಸಕ್ಕರೆಗಳ ಪುಟ್ಟ ತುಣುಕು. ಅದಕ್ಕೆ 55 ಇಂಗಾಲದ ಪರಮಾಣುಗಳಿರುವ ಕೊಬ್ಬಿನ ಬಾಲ ಅಂಟಿರುತ್ತದೆ. ಬಾಲ ಪೊರೆಯಲ್ಲೇ ಹುದುಗಿರುತ್ತದೆ, ಒಂದು ಪ್ರೋಟೀನು ಸಕ್ಕರೆಯ ತುಣುಕನ್ನು ಮಾತ್ರ ಆಚೆ ಬದಿಗೆ ಮಗುಚಿ ಹಾಕುತ್ತದೆ. ಎರಡು ಪೊರೆಗಳ ನಡುವಿನ ಜಾಗದಲ್ಲಿ ಇನ್ನೊಂದು ಪ್ರೋಟೀನು ಈ ತುಣುಕುಗಳನ್ನು ಜೋಡಿಸುತ್ತದೆ. ಹೊಸ ತುಣುಕು ಸೇರುವುದು ಸರಪಳಿಯ ಬುಡಕ್ಕೆ. ನಮ್ಮ ಕೂದಲು ಬೆಳೆಯುವ ಹಾಗೆ.

ಹೊರಪೊರೆ ಬಾಕಿ ಉಳಿಯಿತು. ಅಲ್ಲಿ ಶಕ್ತಿ ಕೊಡುವ ಎಟಿಪಿಯೂ ಸಿಗುವುದಿಲ್ಲ. ಅಲ್ಲಿರುವುದು ಡಬ್ಲ್ಯೂಜಡ್ಎ ಎಂಬ ಪ್ರೋಟೀನಿನ ಎಂಟು ಪ್ರತಿಗಳು ಸೇರಿ ಕಟ್ಟಿದ ಕೊಳವೆ. 2006ರಲ್ಲಿ ಇದರ ರಚನೆ ಬಯಲಾಯಿತು. ಉದ್ದ ಸುಮಾರು 14 ನ್ಯಾನೋಮೀಟರ್. ಒಳಗೆ ದೊಡ್ಡ ಪೊಳ್ಳು, ಅದರ ಗೋಡೆ ನೀರಿಗೆ ಒಗ್ಗುವಂಥದ್ದು. ಹಾಗಾಗಿ ಸಕ್ಕರೆಗೆ ಕೊಬ್ಬು ತಾಗುವುದೇ ಇಲ್ಲ. ನನಗೆ ತುಂಬ ಇಷ್ಟವಾದ ರಚನೆ ಇದು. ಹೊರಗಿನ ಬಾಯಿ ತೆರೆದಿತ್ತು, ಒಳಗಿನ ತುದಿ ಮುಚ್ಚಿತ್ತು. ಒಳಪೊರೆಯಲ್ಲಿ ಕೂತ ಡಬ್ಲ್ಯೂಜಡ್‌ಸಿ ಎಂಬ ಪ್ರೋಟೀನು ಇದರ ಜೊತೆಗಾರ. ಅದಕ್ಕೆ ಫಾಸ್ಫೇಟ್ ಅಂಟುತ್ತಲೂ ಕಳಚುತ್ತಲೂ ಇರಬೇಕು. ಈ ಚಕ್ರ ನಿಂತರೆ ಹೊದಿಕೆಯೂ ಆಗುವುದಿಲ್ಲ.

ಎಲ್ಲ ಬಗೆಗಳೂ ಹೀಗೇ ಅಲ್ಲ. ಕೆ1 ಬಗೆಯ ಇ. ಕೋಲೈ ಸರಪಳಿಯನ್ನು ಒಳಗೇ ಕಟ್ಟಿ, ಎಟಿಪಿ ಬಳಸುವ ಸಾಗಣೆ ಪ್ರೋಟೀನಿನ ಮೂಲಕ ಒಳಪೊರೆ ದಾಟಿಸುತ್ತದೆ. ನವಜಾತ ಶಿಶುಗಳಿಗೆ ಮಿದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ ಇದು. ಇದರ ಹೊದಿಕೆ ಸಿಯಾಲಿಕ್ ಆಮ್ಲದ ಸರಪಳಿ. ಅಂಥದ್ದೇ ಸರಪಳಿ ನಮ್ಮ ನರಕೋಶಗಳ ಮೇಲೂ ಇದೆ. ಹಾಗಾಗಿ ನಮ್ಮ ದೇಹಕ್ಕೆ ಅದನ್ನು ಹೊರಗಿನದೆಂದು ಗುರುತಿಸುವುದೇ ಕಷ್ಟ. ಆ ಸಾಗಣೆಯನ್ನು ತಡೆದರೆ ಬ್ಯಾಕ್ಟೀರಿಯಾ ಬರಿಮೈಯಲ್ಲಿ ನಿಲ್ಲುತ್ತದೆ, ರಕ್ತದ ರಕ್ಷಣಾ ಪ್ರೋಟೀನುಗಳಿಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಸಂಶೋಧಕರು ಈ ದಾರಿಗಳ ಬೆನ್ನುಹತ್ತಿರುವುದು ಅದಕ್ಕೇ.