ಹಳೆಯ ಕಂಪ್ಯೂಟರ್ ಆನ್ ಆಗದಿದ್ದಾಗ: ಗುಂಡಿಯಿಂದ ಡಿಸ್ಕ್‌ವರೆಗಿನ ದಾರಿ

ಹಾರ್ಡ್‌ವೇರ್ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಎದುರಿಗಿರುವುದು 2005ರಿಂದ 2010ರ ನಡುವೆ ಕೊಂಡ, ಡಿಡಿಆರ್2 ರ‍್ಯಾಮ್ ಇರುವ ಮನೆಬಳಕೆಯ ಡೆಸ್ಕ್‌ಟಾಪ್ ಎಂದುಕೊಳ್ಳಿ. ತಂದವರು ‘ಆನ್ ಆಗುತ್ತಿಲ್ಲ’ ಎಂದಷ್ಟೇ ಹೇಳುತ್ತಾರೆ. ಆ ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಒತ್ತಿದರೆ ಸದ್ದೇ ಇಲ್ಲದಿರುವುದು ಒಂದು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಇರುವುದು ಇನ್ನೊಂದು. ಅಕ್ಷರಗಳು ಮೂಡಿದರೂ ವಿಂಡೋಸ್ ಬಾರದಿರುವುದು ಮತ್ತೊಂದು. ಯಂತ್ರ ಎಲ್ಲಿಯವರೆಗೆ ಸಾಗಿ ನಿಂತಿತು ಎಂದು ನೋಡಿಕೊಳ್ಳದೆ ಬಿಡಿಭಾಗ ಬದಲಿಸಲು ಹೊರಟರೆ ಹಣವೂ ಹೋಗುತ್ತದೆ, ಚೆನ್ನಾಗಿದ್ದ ಭಾಗವೂ ಗುಜರಿ ಸೇರುತ್ತದೆ.

ಮೊದಲನೆಯದನ್ನೇ ಹಿಡಿಯೋಣ. ಗೋಡೆಯ ಸಾಕೆಟ್, ಕೇಬಲ್, ಹಿಂಬದಿಯ ಸ್ವಿಚ್ ನೋಡಿದ್ದಾಯಿತು. ಹಳೆಯ ಎಸ್‌ಎಂಪಿಎಸ್‌ನಲ್ಲಿ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಡಬ್ಬಿಯಲ್ಲಿ) 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು. ಇಷ್ಟಾದ ಮೇಲೂ ಜೀವವಿಲ್ಲದಿದ್ದರೆ ಮುಂಭಾಗದ ಗುಂಡಿ ಏನು ಮಾಡುತ್ತದೆಂದು ತಿಳಿದಿರಬೇಕು. ಟ್ಯೂಬ್‌ಲೈಟಿನ ಸ್ವಿಚ್‌ನಂತೆ ಅದು ಕರೆಂಟನ್ನು ನೇರವಾಗಿ ಹಾಯಿಸುವುದಿಲ್ಲ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ವಿನ್ಯಾಸದಲ್ಲಿ ಗುಂಡಿ ಮದರ್‌ಬೋರ್ಡ್‌ಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಯಂತ್ರ ಆಫ್ ಆಗಿದ್ದಾಗಲೂ ನೇರಳೆ ತಂತಿಯಲ್ಲಿ 5 ವೋಲ್ಟ್ ಹರಿಯುತ್ತಿರುತ್ತದೆ. ಆ ಅಲ್ಪ ವಿದ್ಯುತ್ತಿನಲ್ಲಿ ಎಚ್ಚರವಾಗಿರುವ ಬೋರ್ಡ್, ಗುಂಡಿ ಒತ್ತಿದೊಡನೆ ಹಸಿರು ತಂತಿಯ ವೋಲ್ಟೇಜನ್ನು ಸೊನ್ನೆಗೆ ಇಳಿಸುತ್ತದೆ. ಆಗ ಮಾತ್ರ ಎಸ್‌ಎಂಪಿಎಸ್ ಪೂರ್ತಿ ಏಳುತ್ತದೆ.

ಇದು ಗೊತ್ತಾದ ದಿನ ನನಗೆ ಅರ್ಧ ರಿಪೇರಿ ಕಲಿತಷ್ಟು ಸಂತೋಷವಾಗಿತ್ತು, ಏಕೆಂದರೆ ಪರೀಕ್ಷೆ ಇದರಲ್ಲೇ ಇದೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೆ, ಕೆಂಪು ಕಡ್ಡಿಯನ್ನು ನೇರಳೆ ತಂತಿಗೆ ಕನೆಕ್ಟರಿನ ಹಿಂದಿನಿಂದ ತಾಗಿಸಿ. 5 ವೋಲ್ಟ್ ಇಲ್ಲವೆಂದರೆ ಎಸ್‌ಎಂಪಿಎಸ್ ಮೇಲೆಯೇ ಅನುಮಾನ. ಇದ್ದರೆ ಕೆಂಪು ಕಡ್ಡಿಯನ್ನು ಹಸಿರಿಗೆ ಸರಿಸಿ, ಗುಂಡಿ ಒತ್ತಿ. ವೋಲ್ಟೇಜ್ ಇಳಿಯದೆ ನಿಂತರೆ ದೋಷ ಗುಂಡಿಯಲ್ಲೋ ಬೋರ್ಡಿನಲ್ಲೋ ಇದೆ. ಗುಂಡಿಯ ಸಣ್ಣ ಕನೆಕ್ಟರನ್ನು ಬೋರ್ಡಿನಿಂದ ಕಳಚಿ, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಅದೂ ತೀರ್ಮಾನವಾಗುತ್ತದೆ: ಯಂತ್ರ ಎದ್ದರೆ ಕೆಟ್ಟಿರುವುದು ಗುಂಡಿ. ಹಸಿರು ಸೊನ್ನೆಗೆ ಇಳಿದೂ ಫ್ಯಾನ್ ಅಲುಗದಿದ್ದರೆ ಎಸ್‌ಎಂಪಿಎಸ್ ಬದಲಿಸಿ ನೋಡಿ. ಫ್ಯಾನ್ ಒಮ್ಮೆ ಮಿಸುಕಾಡಿ ನಿಂತರೆ ಬಹುಮಟ್ಟಿಗೆ ಎಲ್ಲೋ ಶಾರ್ಟ್ ಆಗಿದೆ. ಡಿಸ್ಕ್, ಡಿವಿಡಿ ಡ್ರೈವ್, ಕಾರ್ಡ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹುಡುಕಬೇಕು. ಪ್ರತಿ ಸಲ ಕಳಚುವ ಮೊದಲು ಪ್ಲಗ್ ಕೀಳುವುದನ್ನು ಮರೆಯಬಾರದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಕಲಿಯುವವರು ಬಿಚ್ಚಲೇಬಾರದು. ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳು 300 ವೋಲ್ಟಿಗೂ ಮೀರಿ ಚಾರ್ಜ್ ಆಗಿರುತ್ತವೆ, ಪ್ಲಗ್ ಕಿತ್ತ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರಬಲ್ಲವು.

ಆ ಕಾಲದ ಬೋರ್ಡ್‌ಗಳಿಗೇ ವಿಶೇಷವಾದ ಇನ್ನೊಂದು ಪಿಡುಗು ಇದೆ. 2000ದ ದಶಕದಲ್ಲಿ ಕಳಪೆ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಬೋರ್ಡ್‌ಗಳಲ್ಲಿ ಸೇರಿಕೊಂಡಿದ್ದವು. ಪ್ರೊಸೆಸರ್ ಪಕ್ಕದಲ್ಲಿ ಸಾಲಾಗಿ ನಿಂತ ಪುಟ್ಟ ಲೋಹದ ಡಬ್ಬಿಗಳ ನೆತ್ತಿಗೆ ಟಾರ್ಚ್ ಬಿಡಿ. ನೆತ್ತಿ ನಾಣ್ಯದಂತೆ ಚಪ್ಪಟೆಯಾಗಿರಬೇಕು. ಪೂರಿಯಂತೆ ಉಬ್ಬಿದ್ದರೆ, ಅಡ್ಡಗೆರೆಯ ಸೀಳಿನಲ್ಲಿ ಕಂದು ಕಲೆ ಕಂಡರೆ ಅದು ಸತ್ತಂತೆ. ನಮ್ಮ ಮನೆಯ 2006ರ ಯಂತ್ರ ಚಳಿಗಾಲದ ಬೆಳಗ್ಗೆ ಐದಾರು ಸಲ ಒತ್ತಿದರೆ ಎದ್ದೇಳುತ್ತಿತ್ತು, ಮಧ್ಯಾಹ್ನ ಒಂದೇ ಸಲಕ್ಕೆ. ತಣ್ಣಗಿರುವಾಗ ಒಣಗಿದ ಕೆಪಾಸಿಟರಿನ ಒಳರೋಧ ಇನ್ನೂ ಹೆಚ್ಚುವುದೇ ಅದಕ್ಕೆ ಕಾರಣ. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಲಿ, 105 ಡಿಗ್ರಿಯ, ಕಡಿಮೆ ಒಳರೋಧದ ಕೆಪಾಸಿಟರ್ ಕೇಳಿ ತನ್ನಿ. ಧನ, ಋಣ ತುದಿಗಳು ತಿರುಗುಮುರುಗಾದರೆ ಹೊಸತೂ ಸಿಡಿಯುತ್ತದೆ.

ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ ಮೊದಲು ಮಾನಿಟರ್ ಕೇಬಲ್, ಪ್ರೊಸೆಸರ್ ಬಳಿಯ ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ನೋಡಿ. ಆಮೇಲೆ ರ‍್ಯಾಮ್. ಪಟ್ಟಿಯನ್ನು ಅಂಚು ಹಿಡಿದು ಹೊರತೆಗೆದು, ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಪೆನ್ಸಿಲ್ ಅಳಿಸುವ ರಬ್ಬರನ್ನು ಮೃದುವಾಗಿ ಉಜ್ಜಿ. ಮಂಕು ಕಳೆದು ಹೊಳಪು ಬರುತ್ತದೆ. ರಬ್ಬರಿನ ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿ, ಎರಡೂ ಬದಿಯ ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ನಿಂತುಹೋದ ಎಷ್ಟೋ ಯಂತ್ರಗಳು ಇಷ್ಟರಿಂದಲೇ ಮತ್ತೆ ನಡೆಯುತ್ತವೆ.

ಆಗಲೂ ಬಾರದಿದ್ದರೆ ನನಗೆ ತುಂಬ ಇಷ್ಟವಾದ ಪರೀಕ್ಷೆಯೊಂದಿದೆ: ರ‍್ಯಾಮನ್ನು ಪೂರ್ತಿ ತೆಗೆದು ಆನ್ ಮಾಡುವುದು. ಬೋರ್ಡಿಗೆ ಸ್ಪೀಕರ್ ಜೋಡಿಸಿರಬೇಕು. ‘ರ‍್ಯಾಮ್ ಎಲ್ಲಿ?’ ಎಂಬಂತೆ ಬೀಪ್ ಕೂಗು ಕೇಳಿದರೆ ಪ್ರೊಸೆಸರ್ ಬದುಕಿದೆ, ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಓಡುತ್ತಿದೆ ಎಂದರ್ಥ. ಮೌನವಾದರೆ ಹುಡುಕಾಟ ಪ್ರೊಸೆಸರ್, ಬಯಾಸ್, ಬೋರ್ಡ್ ಕಡೆಗೆ ತಿರುಗಬೇಕು. ಅವಾರ್ಡ್ ಕಂಪನಿಯ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನ ದೂರು. ಬೇರೆ ಬಯಾಸ್‌ಗಳ ಭಾಷೆ ಬೇರೆ.

ಮೂರನೆಯ ಕಾಯಿಲೆಯಲ್ಲಿ, ಅಂದರೆ ಅಕ್ಷರ ಮೂಡಿಯೂ ವಿಂಡೋಸ್ ಬಾರದಿದ್ದಾಗ, ಮೋಸ ಮಾಡುವುದು ಸಿಆರ್2032 ಎಂಬ 3 ವೋಲ್ಟಿನ ನಾಣ್ಯದ ಬ್ಯಾಟರಿ. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ. ಬಯಾಸ್ ಸೆಟ್ಟಿಂಗ್‌ಗಳೂ ಅಳಿಸುತ್ತವೆ. ಸಾಟಾ ಮೋಡ್ (ಬೋರ್ಡ್ ಡಿಸ್ಕಿನೊಡನೆ ಮಾತಾಡುವ ರೀತಿ) ಎಎಚ್‌ಸಿಐನಿಂದ ಐಡಿಇಗೆ ಮರಳಿದರೆ, ಚೆನ್ನಾಗಿರುವ ವಿಂಡೋಸ್ ಕೂಡ 0x7ಬಿ ಎಂಬ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಇದನ್ನು ತಿಳಿಯದೆ ಡಿಸ್ಕ್ ಫಾರ್ಮ್ಯಾಟ್ ಮಾಡಿದವರಿದ್ದಾರೆ. ಬ್ಯಾಟರಿ ಬದಲಿಸಿ, ಮೋಡ್ ಮೊದಲಿದ್ದಂತೆ ಇಟ್ಟು ನೋಡಿ. ಡಿಸ್ಕಿನಿಂದಲೇ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಮಾತ್ರ ಅದನ್ನು ಮತ್ತೆ ಮತ್ತೆ ಆನ್ ಮಾಡಬೇಡಿ. ಮನೆಯವರ ಮದುವೆಯ ಫೋಟೊಗಳು ಅದರಲ್ಲೇ ಇವೆಯೇ, ಬೇರೆಲ್ಲೂ ಪ್ರತಿ ಇಲ್ಲವೇ ಎಂದು ಕೇಳಿ. ಬೇರೆ ಪ್ರತಿ ಇಲ್ಲವೆಂದರೆ ಡಿಸ್ಕನ್ನು ಕಳಚಿ ಅವರ ಕೈಗೆ ಕೊಟ್ಟು, ದತ್ತಾಂಶ ಉಳಿಸಿಕೊಡುವ ಪರಿಣತರ ಬಳಿಗೆ ಕಳುಹಿಸಿ.