1600 ಡಸ್ಟ್‌ಗೆ ಒಂದು ಎಲೆಯೋ, 28 ಎಲೆಯೋ?

ಮೇ ತಿಂಗಳ ಕಲಬುರಗಿ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರಲ್ಲ. ಕೂಲರ್ ಮುಂದೆ ಚಾಪೆ ಹಾಸಿಕೊಂಡು ಮಲಗೋದು, ಸಂಜೆ ಐದರ ಮೇಲೆ ಎದ್ದು ಮಿರ್ಚಿ ತಿನ್ನಲು ಹೋಗೋದು, ಅಷ್ಟೇ. ಹೋದ ಬೇಸಿಗೆಯಲ್ಲಿ ಹೀಗೇ ಬಿದ್ದುಕೊಂಡಿದ್ದಾಗ ಪಕ್ಕದಲ್ಲಿ ಅಕ್ಕನ ಮಗ, ಪಿಯುಸಿ ಮುಗಿಸಿದವನು, ಗಾಜು ಒಡೆದ ಫೋನಿನಲ್ಲಿ ಹಾರ್ತ್‌ಸ್ಟೋನ್ ಆಡುತ್ತಾ ಒಂದೇ ಸಮ ಗೊಣಗುತ್ತಿದ್ದ. ಸೋತಾಗಲೆಲ್ಲ ಅದೇ ಮಾತು: "ಮಾಮಾ, ಈ ಒಂದ್ ಲೆಜೆಂಡರಿ ಸಿಕ್ರ ಸಾಕ್ ನೋಡ್ರಿ, ಯಾರಿಗೂ ಬಿಡಂಗಿಲ್ಲ." ಅವನ ಹತ್ತಿರ ಆಗ ಸರಿಯಾಗಿ 1600 ಡಸ್ಟ್, ಅಂದರೆ ಆಟದೊಳಗೆ ಬೇಕಾದ ಎಲೆ ಮಾಡಿಸಿಕೊಳ್ಳಲು ಕೊಡುವ ರೊಕ್ಕ, ಕೂಡಿತ್ತು. ಅದನ್ನು ಖರ್ಚು ಮಾಡುವ ಮುಂಚೆ ಒಂದು ಲೆಕ್ಕ ಹಾಕೋಣ ಬಾ ಅಂದೆ. ನನಗೆ ಗಣಿತದ ಹುಚ್ಚು, ಅವನಿಗೆ ಆಟದ ಹುಚ್ಚು, ಇಬ್ಬರಿಗೂ ಮಾಡಲು ಬೇರೆ ಕೆಲಸ ಇರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹಾರ್ತ್‌ಸ್ಟೋನ್ 2014ರಲ್ಲಿ ಬ್ಲಿಝಾರ್ಡ್ ಕಂಪನಿ ತಂದ ಡಿಜಿಟಲ್ ಕಾರ್ಡ್ ಆಟ. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು, ಇಲ್ಲಿ ಹಾಗಲ್ಲ, ನಿಮ್ಮ ಕಟ್ಟನ್ನು ನೀವೇ ಕಟ್ಟಿಕೊಂಡು ಬರಬೇಕು. ಅದಕ್ಕೇ ಡೆಕ್ ಅನ್ನೋದು. ಒಂದು ಡೆಕ್‌ನಲ್ಲಿ 30 ಎಲೆ. ಒಂದೇ ಎಲೆಯನ್ನು ಎರಡು ಸಲ ಹಾಕಬಹುದು, ಲೆಜೆಂಡರಿ, ಅಂದರೆ ಎಲ್ಲಕ್ಕಿಂತ ಅಪರೂಪದ ಎಲೆಯಾದರೆ ಒಂದೇ ಸಲ. ಎಲೆ ಆಡಲು ಅದರದರ ಬೆಲೆಯಷ್ಟು ಮಾನಾ ಅನ್ನುವ ಶಕ್ತಿ ಬೇಕು. ಮೊದಲ ಸರದಿಗೆ 1 ಮಾನಾ, ಎರಡನೆಯದಕ್ಕೆ 2, ಹೀಗೆ ಏರುತ್ತಾ 10ಕ್ಕೆ ನಿಲ್ಲುತ್ತದೆ. ಎದುರಾಳಿಯ 30 ಜೀವವನ್ನು ಸೊನ್ನೆಗೆ ತಂದರೆ ಗೆದ್ದಿರಿ.

ಎಲೆ ಸಿಗುವುದು ಒಳಗೆ ಏನಿದೆ ಅಂತ ಗೊತ್ತಿಲ್ಲದ ಮುಚ್ಚಿದ ಪ್ಯಾಕ್‌ನಿಂದ, ಇಲ್ಲವೇ ಡಸ್ಟ್ ಕೊಟ್ಟು ಮಾಡಿಸಿಕೊಳ್ಳುವುದರಿಂದ. ಕಾಮನ್ ಎಲೆಗೆ 40 ಡಸ್ಟ್, ರೇರ್‌ಗೆ 100, ಎಪಿಕ್‌ಗೆ 400, ಲೆಜೆಂಡರಿಗೆ 1600. ಬೇಡದ ಎಲೆಯನ್ನು ಮುರಿಸಿದರೂ ಡಸ್ಟ್ ಬರುತ್ತದೆ, ಆದರೆ ಲೆಜೆಂಡರಿ ಮುರಿಸಿದರೆ 400, ಕಾಮನ್ ಮುರಿಸಿದರೆ ಬರೀ 5. ಸರಾಫ್ ಬಜಾರಿನಲ್ಲಿ ಬಂಗಾರ ಮುರಿಸಿದರೂ ಇಷ್ಟು ಹೊಡೆತ ಬೀಳಲ್ಲ.

ಈಗ ಅವನ 1600. ಒಂದು ಲೆಜೆಂಡರಿ ಬರುತ್ತದೆ. ಇಲ್ಲಾ 20 ಕಾಮನ್ ಮತ್ತು 8 ರೇರ್, ಅಂದರೆ 28 ಎಲೆ, ಎರಡೆಲೆ ಕಡಿಮೆ ಒಂದು ಇಡೀ ಡೆಕ್. ಉಳಿದ ಎರಡನ್ನು ಆಟದವರು 2021ರಿಂದ ಪುಕ್ಕಟೆ ಕೊಡುತ್ತಿರುವ ಕೋರ್ ಸೆಟ್ ಅನ್ನುವ ಎಲೆಗಳ ಗುಂಪಿನಿಂದ ತೆಗೆದುಕೊಂಡರಾಯಿತು. "ಆದ್ರ ಲೆಜೆಂಡರಿ ಭಾರಿ ಜೋರದ ಮಾಮಾ" ಅಂದ. ಜೋರು ಇರಬಹುದು. ಕೈಗೆ ಬರಬೇಕಲ್ಲ?

ಮೊದಲು ಆಡುವವನಿಗೆ ಶುರುವಿನಲ್ಲಿ 3 ಎಲೆ, ಆಮೇಲೆ ಪ್ರತಿ ಸರದಿಗೆ ಒಂದು. ಐದನೇ ಸರದಿಯ ಹೊತ್ತಿಗೆ ಅವನು ನೋಡಿರುವುದು 8 ಎಲೆ. 30ರಲ್ಲಿ ಒಂದೇ ಒಂದು ಇರುವ ಎಲೆ ಆ 8ರಲ್ಲಿ ಇರುವ ಸಾಧ್ಯತೆ 8 ಭಾಗಿಸು 30, ಅಂದರೆ ಶೇ. 27. ನಾಲ್ಕು ಆಟದಲ್ಲಿ ಸುಮಾರು ಮೂರು ಸಲ ಆ 1600 ಡಸ್ಟ್‌ನ ಎಲೆ ಡೆಕ್‌ನೊಳಗೇ ನಿದ್ದೆ ಮಾಡುತ್ತಿರುತ್ತದೆ. ಅದೇ ಎರಡೆರಡು ಹಾಕಿದ ಕಾಮನ್ ಎಲೆಯಾದರೆ, ಅವೆರಡರಲ್ಲಿ ಒಂದಾದರೂ ಬಂದಿರುವ ಸಾಧ್ಯತೆ ಶೇ. 47. ಬೆಲೆ 80 ಡಸ್ಟ್.

ಇಸ್ಪೀಟಿನ ಎಲೆ, ಚೀಲದೊಳಗಿನ ಗೋಲಿ, ಯಾವುದೇ ಆಗಲಿ, ತೆಗೆದದ್ದನ್ನು ವಾಪಸ್ ಹಾಕದೆ ಒಂದೊಂದೇ ತೆಗೆಯುತ್ತಾ ಹೋದರೆ ಲೆಕ್ಕ ಹೀಗೇ. ಗಣಿತದವರು ಇದನ್ನು ಹೈಪರ್‌ಜ್ಯಾಮಿತೀಯ ಹಂಚಿಕೆ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು. "ಬರುವ" ಲೆಕ್ಕ ಕಷ್ಟ ಅನಿಸಿದರೆ "ಬಾರದ" ಲೆಕ್ಕ ಹಾಕಿ 1ರಿಂದ ಕಳೆಯಿರಿ. ಮೇಲಿನ 47 ಬಂದದ್ದು ಹಾಗೇ: ಎರಡೂ ಎಲೆ ಉಳಿದ 22ರಲ್ಲೇ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ 22 ಗುಣಿಸು 21, ಭಾಗಿಸು 30 ಗುಣಿಸು 29. ಅದು ಶೇ. 53. ಉಳಿದದ್ದು 47.

ಕಡಿಮೆ ಖರ್ಚಿನ ಡೆಕ್ ಅಂದರೆ ದುಬಾರಿ ಡೆಕ್‌ನ ಬಡ ತಮ್ಮ ಅಂತ ಎಲ್ಲರೂ ತಿಳಿದಿದ್ದಾರೆ. ನನಗೆ ಹಾಗೆ ಅನಿಸಲ್ಲ. ಡಸ್ಟ್ ಕೊಟ್ಟರೆ ಸಿಗೋದು ಎಲೆಯ ಬಲ. ಆ ಎಲೆ ಬೇಕಾದ ಹೊತ್ತಿಗೆ ಕೈಗೆ ಬರುವುದು ಎಣಿಕೆಗೆ ಸೇರಿದ್ದು, ಅದು ಹೆಚ್ಚುಕಮ್ಮಿ ಪುಕ್ಕಟೆ.

ನಮ್ಮ ಕಡೆ ಹೊಲ ನೋಡಿದವರಿಗೆ ಇದು ಹೊಸದಲ್ಲ. ಬರೀ ತೊಗರಿ ಹಾಕಿದರೆ ಪೀಕು ಮನೆಗೆ ಬರೋದು ಡಿಸೆಂಬರ್, ಜನವರಿಗೆ. ಅಲ್ಲಿಯ ತನಕ ಕಿರಾಣಿಯವನ ಉದ್ರಿ, ಗೊಬ್ಬರದವನ ಉದ್ರಿ. ಹಾಗಾಗಿ ನಮ್ಮಪ್ಪ ಆಳಂದ ಕಡೆ ಹೊಲದಲ್ಲಿ ತೊಗರಿ ಸಾಲಿನ ನಡುವೆ ಹೆಸರು ಹಾಕುತ್ತಿದ್ದರು. ಹೆಸರು ಎರಡು, ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ರೊಕ್ಕ ದೊಡ್ಡದಲ್ಲ, ಆದರೆ ಬೇಗ ಬರುತ್ತದೆ, ಅದರ ಮೇಲೆ ತೊಗರಿ ಬರುವ ತನಕ ಉಸಿರು ಹಿಡಿಯಬಹುದು. ಡೆಕ್‌ನಲ್ಲೂ 1, 2 ಮಾನಾದ ಎಲೆಗಳು ಹೆಸರು ಇದ್ದ ಹಾಗೆ. ಅಳಿಯನ ಡೆಕ್ ತೆಗೆದು ನೋಡಿದರೆ ಪೂರ್ತಿ ತೊಗರಿ. 6 ಮಾನಾ, 7 ಮಾನಾ, 8 ಮಾನಾ. ಮೊದಲ ಮೂರು ಸರದಿ ಬರೀ ಕೈಕಟ್ಟಿ ಕೂರೋದು, ಅಷ್ಟರಲ್ಲಿ ಎದುರಿನವನು ಅರ್ಧ ಜೀವ ತಿಂದಿರುತ್ತಿದ್ದ.

ಇದರ ನಷ್ಟ ಎಷ್ಟು ಅಂತ ನೋಡಿ. ಐದು ಸರದಿಗೆ ಒಟ್ಟು ಸಿಗುವ ಮಾನಾ 1+2+3+4+5, ಅಂದರೆ 15. ಮೊದಲ ಎರಡು ಸರದಿ ಸುಮ್ನೆ ಕೂತರೆ 3 ಹೋಯಿತು. ಐದರಲ್ಲಿ ಒಂದು ಪಾಲು! ಮಾನಾ ಮುಂದಿನ ಸರದಿಗೆ ಉಳಿಯಲ್ಲ. ಕಲಬುರಗಿಯ ಅಪ್ಪನ ಕೆರೆ ತುಂಬಿ ಹರಿದ ನೀರಿನ ಹಾಗೆ, ಹೋದದ್ದು ಹೋಯಿತು.

ಹಾಗಾದರೆ 1 ಮಾನಾದ ಎಲೆ ಎಷ್ಟು ಹಾಕಬೇಕು? ಮೊದಲ ಸರದಿಯ ಹೊತ್ತಿಗೆ 4 ಎಲೆ ನೋಡಿರುತ್ತೇವೆ. ಡೆಕ್‌ನಲ್ಲಿ ಅಂಥವು 2 ಇದ್ದರೆ ಒಂದಾದರೂ ಕೈಯಲ್ಲಿರುವ ಸಾಧ್ಯತೆ ಶೇ. 25. 4 ಹಾಕಿದರೆ 45, 6 ಹಾಕಿದರೆ 61, 8 ಹಾಕಿದರೆ 73. ಪ್ರತಿ ಸಲ ಎರಡೆರಡೇ ಎಲೆ ಸೇರಿಸುತ್ತಿದ್ದೇವೆ, ಆದರೆ ಲಾಭ ಮೊದಲು 25, ಆಮೇಲೆ 20, 16, 12. ಕುಗ್ಗುತ್ತಾ ಹೋಗುತ್ತದೆ. ರೊಟ್ಟಿ ಊಟದಲ್ಲಿ ಮೊದಲ ಎರಡು ರೊಟ್ಟಿಯ ರುಚಿ ಎಂಟನೇದಕ್ಕೆ ಇರುತ್ತಾ? ಅದೂ ಅಲ್ಲದೆ ಆಟ ಮುಂದೆ ಹೋದಂತೆ ಈ ಸಣ್ಣ ಎಲೆಗಳು ಕೈಯಲ್ಲಿ ಕಸ. ಆರರ ಸುತ್ತ ನಿಲ್ಲಿಸು ಅಂದೆ.

ಇಲ್ಲಿ ಒಂದು ಪುಕ್ಕಟೆ ಉಪಕಾರ ಇದೆ. ಅಳಿಯ ಅದನ್ನು ಬಳಸುತ್ತಲೇ ಇರಲಿಲ್ಲ. ಅದರ ಹೆಸರು ಮಲ್ಲಿಗನ್: ಆಟ ಶುರುವಾಗುವಾಗ ಬಂದ ಎಲೆಗಳಲ್ಲಿ ಬೇಡದ್ದನ್ನು ಕೊಟ್ಟು ಬೇರೆ ತೆಗೆದುಕೊಳ್ಳಬಹುದು. ಇವನು ದೊಡ್ಡ ಎಲೆ ಬಂದರೆ ಖುಷಿಯಾಗಿ ಇಟ್ಟುಕೊಳ್ಳುತ್ತಿದ್ದ. 1 ಮಾನಾದ ಎಲೆ 6 ಇರುವ ಡೆಕ್‌ನಲ್ಲಿ, ಕೈಗೆ ಅಂಥದ್ದು ಒಂದೂ ಬರದಿದ್ದಾಗ ಮೂರನ್ನೂ ವಾಪಸ್ ಕೊಟ್ಟರೆ ಆ ಶೇ. 61 ಏರಿ 82 ಆಗುತ್ತದೆ. ಒಂದು ಚಿಟಿಕೆ ಡಸ್ಟ್ ಖರ್ಚಿಲ್ಲ. ಅವನ ಅಷ್ಟೂ ಸೋಲಿನಲ್ಲಿ ಅರ್ಧ ಇದೇ ಅಂತ ನನ್ನ ಗುಮಾನಿ. ಅವನು ಒಪ್ಪಲ್ಲ.

ಲೆಜೆಂಡರಿ ದಂಡ ಅಂತ ನಾನು ಹೇಳುತ್ತಿಲ್ಲ. ಆಟ ಎಷ್ಟು ಉದ್ದ ನಡೆಯುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಆರನೇ ಸರದಿಗೆ ಮುಗಿಸುವ ಅವಸರದ ಡೆಕ್‌ನಲ್ಲಿ ನೋಡುವುದು 9 ಎಲೆ, ಒಂಟಿ ಎಲೆ ಬರುವುದು ಶೇ. 30. ತಾಳ್ಮೆಯಿಂದ ಆಡಿ 20 ಎಲೆ ನೋಡುವ ಡೆಕ್‌ನಲ್ಲಿ ಅದೇ ಎಲೆ ಬರುವುದು ಶೇ. 67. ಅಗ್ಗದ ಡೆಕ್‌ಗಳು ಸಾಮಾನ್ಯವಾಗಿ ಅವಸರದವೇ ಯಾಕೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲಿದೆ: ದುಬಾರಿ ಎಲೆ ಬರುವಷ್ಟರಲ್ಲಿ ಅಲ್ಲಿ ಆಟವೇ ಮುಗಿದಿರುತ್ತದೆ. ಕೆಲವು ಲೆಜೆಂಡರಿಗಳಂತೂ ಈ ಲೆಕ್ಕಕ್ಕೇ ಸಿಗಲ್ಲ. 2018ರ ವಿಚ್‌ವುಡ್ ಸೆಟ್‌ನ ಬಾಕು ಅನ್ನುವ ಎಲೆ, ಡೆಕ್‌ನಲ್ಲಿ ಎಲ್ಲವೂ ಬೆಸ ಮಾನಾದ ಎಲೆಗಳೇ ಇದ್ದರೆ, ಕೈಗೆ ಬರದೆಯೂ ಆಟದ ಶುರುವಿನಲ್ಲೇ ಕೆಲಸ ಮಾಡುತ್ತಿತ್ತು. ಶೇ. 27 ಅಲ್ಲ, ಪೂರಾ 100. ಅಂಥದ್ದಕ್ಕೆ 1600 ಕೊಟ್ಟರೆ ನಾನು ತಕರಾರು ಮಾಡಲ್ಲ.

ಪ್ಯಾಕ್‌ಗಳ ವಿಷಯ ಬೇರೆ. ಒಂದು ಪ್ಯಾಕ್‌ಗೆ 100 ಚಿನ್ನ (ಇದೂ ಆಟದೊಳಗಿನ ನಾಣ್ಯವೇ), ಒಳಗೆ 5 ಎಲೆ. 2017ರಲ್ಲಿ ಚೀನಾದ ನಿಯಮದಿಂದಾಗಿ ಆಟದ ಕಂಪನಿಗಳು ಯಾವ ಎಲೆ ಎಷ್ಟು ಸಲ ಬರುತ್ತದೆ ಅಂತ ಹೇಳಲೇಬೇಕಾಯಿತು. ಆಗ ಹಾರ್ತ್‌ಸ್ಟೋನ್‌ನಲ್ಲಿ ಸರಾಸರಿ 20 ಪ್ಯಾಕ್‌ಗೆ ಒಂದು ಲೆಜೆಂಡರಿ ಅಂತ ಹೊರಬಿತ್ತು. ಸರಾಸರಿ ಅನ್ನುವ ಪದ ಸ್ವಲ್ಪ ಮೋಸದ್ದು. 20ಕ್ಕೆ ಒಂದು ಅನ್ನುವ ಮಾಮೂಲಿ ದಾಳ ಉರುಳಿಸಿದ್ದರೆ, 40 ಪ್ಯಾಕ್ ತೆರೆದೂ ನೂರರಲ್ಲಿ 13 ಜನರಿಗೆ ಒಂದೂ ಸಿಗುತ್ತಿರಲಿಲ್ಲ, ಯಾಕಂದ್ರೆ ದಾಳಕ್ಕೆ ನೆನಪಿರಲ್ಲ. ಈ ಪ್ಯಾಕ್‌ಗೆ ನೆನಪಿದೆ. ಹೆಚ್ಚೆಂದರೆ 40ನೆಯದರಲ್ಲಿ ಬಂದೇ ಬರುತ್ತದೆ, ಆಟಗಾರರು ಅದನ್ನು ಪಿಟಿ ಟೈಮರ್ ಅನ್ನುತ್ತಾರೆ, ಅಯ್ಯೋ ಪಾಪದ ಗಡಿಯಾರ ಅನ್ನಿ. ಈ ಎಣಿಕೆ ಒಂದೊಂದು ಸೆಟ್‌ಗೂ ಬೇರೆ. ಹೊಸ ಸೆಟ್ ಬಂದಾಗ ಮೊದಲ 10 ಪ್ಯಾಕ್‌ನಲ್ಲಿ ಒಂದು ಗ್ಯಾರಂಟಿ. ಹಾಗಾಗಿ ಕೈಯಲ್ಲಿ ಕಡಿಮೆ ಚಿನ್ನ ಇರುವವರು ಪ್ರತಿ ಹೊಸ ಸೆಟ್‌ನಿಂದ 10 ತೆರೆದು ಕೈಬಿಡುವುದು ಬುದ್ಧಿವಂತಿಕೆ.

ಲೆಕ್ಕ ಎಲ್ಲ ಕೇಳಿ ಅಳಿಯ ಡೆಕ್ ಬದಲಿಸಿದ. ಎರಡು ದಿನದಲ್ಲಿ 20 ಆಟ, 12 ಗೆಲುವು. "ಶೇ. 60 ಮಾಮಾ!" ಅಂತ ಕುಣಿದ. ನಾನು ತಣ್ಣೀರು ಹಾಕಬೇಕಾಯಿತು. ಒಂದು ರೂಪಾಯಿ ನಾಣ್ಯವನ್ನು 20 ಸಲ ಚಿಮ್ಮಿದರೆ 12 ಅಥವಾ ಅದಕ್ಕಿಂತ ಜಾಸ್ತಿ ಸಲ ರಾಜ ಬೀಳುವ ಸಾಧ್ಯತೆ ಶೇ. 25. ಅಂದರೆ ಡೆಕ್ ಸುಧಾರಿಸದೇ ಇದ್ದರೂ ನಾಲ್ಕರಲ್ಲಿ ಒಬ್ಬ ಹೀಗೇ ಕುಣಿಯುತ್ತಾನೆ. ತಮಾಷೆ ಅಂದರೆ, ಅದೇ 20 ಚಿಮ್ಮುವಿಕೆಯಲ್ಲಿ ಸತತ ಐದು ಸಲ ರಾಣಿ ಬೀಳುವ ಸಾಧ್ಯತೆಯೂ ಸರಿಸುಮಾರು ಶೇ. 25. ಸತತ ಐದು ಸೋತಾಗ "ಕಂಪ್ಯೂಟರ್ ಮೋಸ ಮಾಡ್ಲತ್ತದ" ಅಂತ ಫೋನ್ ಎಸೆಯುವವರು ಇದನ್ನು ನೆನಪಿಡಬೇಕು. ಅಸಲಿಗೆ ಕೈಯಿಂದ ಎಲೆ ಕಲೆಸುವ ನಾವೇ ಅರೆಬರೆ ಕಲೆಸೋದು. 52 ಎಲೆಯ ಕಟ್ಟನ್ನು ಎರಡು ಭಾಗ ಮಾಡಿ ಪರಪರ ಸೇರಿಸುವ ರೀತಿಯಲ್ಲಿ ಸರಿಯಾಗಿ ಕಲೆಸಲು 7 ಸಲ ಬೇಕು ಅಂತ ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ ಅನ್ನುವ ಗಣಿತಜ್ಞರು 1992ರಲ್ಲಿ ತೋರಿಸಿದರು. ಕಟ್ಟೆ ಮೇಲೆ ರಮ್ಮಿ ಆಡುವವರು ಏಳು ಸಲ ಕಲೆಸಿದ್ದನ್ನು ನಾನಂತೂ ನೋಡಿಲ್ಲ.

ಹಾಗಾದರೆ ಎಲೆ ಬದಲಿಸಿದ್ದು ಒಳ್ಳೆಯದಾಯಿತೋ ಇಲ್ಲವೋ ಗೊತ್ತಾಗೋದು ಹೇಗೆ? 100 ಆಟ ಆಡಿದರೂ ಗೆಲುವಿನ ಲೆಕ್ಕ ಆಚೀಚೆ ಶೇ. 10ರಷ್ಟು ಓಲಾಡುತ್ತದೆ. ಅದನ್ನು ಶೇ. 5ಕ್ಕೆ ಇಳಿಸಬೇಕಾದರೆ 400 ಆಟ, ಯಾಕಂದ್ರೆ ತಪ್ಪನ್ನು ಅರ್ಧ ಮಾಡಲು ಆಟ ನಾಲ್ಕು ಪಟ್ಟು ಆಗಬೇಕು. ಆಟಕ್ಕೆ ಹತ್ತು ನಿಮಿಷ ಹಿಡಿದರೂ ಸುಮಾರು 67 ಗಂಟೆ. ಅಷ್ಟರಲ್ಲಿ ಅಕ್ಕ ನಮ್ಮಿಬ್ಬರನ್ನೂ ಮನೆಯಿಂದ ಹೊರಗೆ ಹಾಕಿರುತ್ತಾಳೆ. ಅದಕ್ಕೆ ನಾವು ಗೆಲುವು ಎಣಿಸುವ ಬದಲು ಬೇರೆ ದಾರಿ ಹಿಡಿದೆವು. ಹೊಸ ಎಲೆ ಕೈಗೆ ಬಂದಾಗಲೆಲ್ಲ "ಇದರ ಜಾಗದಲ್ಲಿ ಹಳೆಯದೇ ಇರಬೇಕಿತ್ತಾ?" ಅಂತ ಕೇಳಿಕೊಂಡು ಹೌದು, ಅಲ್ಲ ಅಂತ ಬರೆಯೋದು. ಅಂದಾಜಿನದ್ದೇ, ನಿಜ. ಆದರೆ ಒಂದು ಆಟದ ಗೆಲುವಿನಲ್ಲಿ 30 ಎಲೆ, ಎದುರಾಳಿ, ಅದೃಷ್ಟ ಎಲ್ಲ ಬೆರೆತಿರುತ್ತದೆ. ಈ ಪ್ರಶ್ನೆ ಆ ಒಂದು ಎಲೆಯ ಬಗ್ಗೆ ಮಾತ್ರ ಕೇಳುತ್ತದೆ. ಮತ್ತೆ ಒಂದು ಸಲಕ್ಕೆ ಒಂದೇ ಎಲೆ ಬದಲಿಸಬೇಕು. ಐದು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅನ್ನೋದು ದೇವರಿಗೇ ಗೊತ್ತು.

ಇಷ್ಟಕ್ಕೂ ಅವನು 1600ರಲ್ಲಿ ಖರ್ಚು ಮಾಡಿದ್ದು 520, ಎಂಟು ಕಾಮನ್, ಎರಡು ರೇರ್. ಉಳಿದ 1080 ಹಾಗೇ ಇದೆ. ವರ್ಷಕ್ಕೊಮ್ಮೆ ಹಳೆ ಸೆಟ್‌ಗಳು ಸ್ಟ್ಯಾಂಡರ್ಡ್, ಅಂದರೆ ಇತ್ತೀಚಿನ ಸೆಟ್‌ಗಳಷ್ಟೇ ನಡೆಯುವ ಆಟದಿಂದ ಹೊರಗೆ ಹೋಗುತ್ತವೆ, ಹಾಗಾಗಿ ಆ ಗಡುವು ಹತ್ತಿರ ಇದ್ದಾಗ ದುಬಾರಿ ಎಲೆ ಮಾಡಿಸಬೇಡ ಅಂತಲೂ ಹೇಳಿದ್ದೇನೆ. ಕೇಳುತ್ತಾನೋ ಇಲ್ಲವೋ.

ಅವನ ನೋಟ್‌ಬುಕ್‌ನಲ್ಲಿ ಈಗ ಮೂರು ಕಾಲಮ್ ಇವೆ: ಗೆದ್ದದ್ದು, ಸೋತದ್ದು, ಕರೆಂಟ್ ಹೋಗಿ ವೈಫೈ ಸತ್ತದ್ದು. ಮೂರನೆಯದನ್ನು ಸೋಲಿನಲ್ಲಿ ಸೇರಿಸಬೇಕೋ ಬೇಡವೋ ಅಂತ ನಮ್ಮಿಬ್ಬರ ನಡುವೆ ಇನ್ನೂ ಜಗಳ ನಡೆದಿದೆ. ಸದ್ಯಕ್ಕೆ ಅದರಲ್ಲಿ 9 ಗೀಟು ಬಿದ್ದಿದೆ.