ಈರುಳ್ಳಿ ಜರುಗಿಸಿದರೆ ಅರ್ಥ ಬದಲಾಗುತ್ತದೆಯೇ?

ಕತೆಯನ್ನೋ ಚಿತ್ರವನ್ನೋ ಸಂರಚನಾವಾದದ (ಅರ್ಥ ಹುಟ್ಟುವುದು ಅಂಶಗಳ ನಡುವಿನ ಸಂಬಂಧದಿಂದ ಎನ್ನುವ ವಾದ) ನೆಲೆಯಿಂದ ಓದಲು ಹೊರಟ ಬಹಳಷ್ಟು ಪ್ರಬಂಧಗಳು ಎರಡನೇ ಪುಟದಲ್ಲೇ ಮುಗ್ಗರಿಸುತ್ತವೆ. ಪ್ರಕೃತಿ–ಸಂಸ್ಕೃತಿ, ಗಂಡು–ಹೆಣ್ಣು, ಒಳಗು–ಹೊರಗು ಎಂದು ವಿರುದ್ಧ ಜೋಡಿಗಳ ಪಟ್ಟಿ ಬರುತ್ತದೆ. ಅವು ಕೃತಿಯಲ್ಲಿ ಎಲ್ಲಿವೆ ಎಂಬುದು ಬರುವುದಿಲ್ಲ. ಓದುವ ಮೊದಲೇ ಪಟ್ಟಿ ಸಿದ್ಧವಾಗಿತ್ತು ಅಷ್ಟೆ.

ಸ್ವಿಸ್ ಭಾಷಾವಿಜ್ಞಾನಿ ಸಸ್ಯೂರ್ ತೀರಿಕೊಂಡ ಮೇಲೆ, 1916ರಲ್ಲಿ, ಅಚ್ಚಾದ ಉಪನ್ಯಾಸಗಳ ತಿರುಳು ಇದು: ಸಂಕೇತಕ್ಕೆ ಬೆಲೆ ಬರುವುದು ಅಕ್ಕಪಕ್ಕದ ಸಂಕೇತಗಳಿಗಿಂತ ಅದು ಬೇರೆಯಾಗಿರುವುದರಿಂದ. ಹಾಗಾದರೆ ಯಾವ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿಯುವುದು ಹೇಗೆ? ಬದಲಿ ಪರೀಕ್ಷೆಯಿಂದ. ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೇ ಬಿಟ್ಟು, ಅರ್ಥ ಕದಲಿತೇ ಎಂದು ನೋಡಬೇಕು.

ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1964ರ ಪ್ರಬಂಧದಲ್ಲಿ ಬಿಡಿಸಿದ, ಪಂಜಾನಿ ಎಂಬ ಪಾಸ್ತಾ ಕಂಪನಿಯ ಜಾಹೀರಾತನ್ನೇ ತೆಗೆದುಕೊಳ್ಳೋಣ. ಕೆಂಪು ಹಿನ್ನೆಲೆ, ಅರ್ಧ ತೆರೆದ ಬಲೆಚೀಲ, ಅದರಿಂದ ಹೊರಚೆಲ್ಲಿದ ಪಾಸ್ತಾ ಪೊಟ್ಟಣ, ಡಬ್ಬಿ, ಟೊಮೆಟೊ, ಈರುಳ್ಳಿ, ದೊಣ್ಣೆಮೆಣಸು, ಅಣಬೆ. ಬಾರ್ತ್ ಇದರಲ್ಲಿ ಮಾರುಕಟ್ಟೆಯಿಂದ ಆಗಷ್ಟೇ ಮರಳಿದ ತಾಜಾತನವನ್ನೂ ‘ಇಟಲಿತನ’ವನ್ನೂ ಗುರುತಿಸುತ್ತಾರೆ. ಈಗ ಮನಸ್ಸಿನಲ್ಲೇ ಪರೀಕ್ಷೆ ಮಾಡಿ. ಕೆಂಪನ್ನು ನೀಲಿ ಮಾಡಿದರೆ ಇಟಲಿಯ ಧ್ವಜ ನೆನಪಿಸುವ ಬಣ್ಣಗಳ ಮೇಳ ಕೆಡುತ್ತದೆ, ತಾಜಾತನಕ್ಕೆ ಏನೂ ಆಗುವುದಿಲ್ಲ. ಬಲೆಚೀಲದ ಬದಲು ರಟ್ಟಿನ ಪೆಟ್ಟಿಗೆ ಇಟ್ಟರೆ ಪೇಟೆಯಿಂದ ಬಂದ ಭಾವ ಹೋಗುತ್ತದೆ, ಇಟಲಿ ಉಳಿಯುತ್ತದೆ. ಅಂದರೆ ಬಣ್ಣವೂ ಚೀಲವೂ ಬೇರೆ ಬೇರೆ ಅರ್ಥ ಹೊತ್ತಿವೆ. ಈರುಳ್ಳಿಯನ್ನು ಎರಡು ಬೆರಳು ಎಡಕ್ಕೆ ಸರಿಸಿದರೆ ಏನೂ ಬದಲಾಗದು. ಅದರ ಜಾಗದ ಬಗ್ಗೆ ಪುಟಗಟ್ಟಲೆ ಬರೆಯುವ ಅಗತ್ಯವಿಲ್ಲ. ಒಂದೇ ಸಲ ಎರಡು ಅಂಶ ಬದಲಿಸಿದಿರೋ, ಯಾವುದರಿಂದ ಏನಾಯಿತೆಂದು ಹೇಳಲಾಗದು. ಇನ್ನೊಂದು ಮಾತು: ಪಂಜಾನಿ ಎಂಬ ಹೆಸರಿನಲ್ಲಿ ಇಟಲಿ ಕೇಳಿಸುವುದು ಫ್ರೆಂಚರ ಕಿವಿಗೆ, ಇಟಲಿಯವರಿಗೆ ಅಷ್ಟಾಗಿ ಅಲ್ಲ ಎಂದು ಬಾರ್ತ್ ಎಚ್ಚರಿಸುತ್ತಾರೆ. ಆದ್ದರಿಂದ ಯಾವ ಓದುಗನ ತಿಳಿವಳಿಕೆಯನ್ನು ನಂಬಿ ಅರ್ಥ ಹೇಳುತ್ತಿದ್ದೀರಿ ಎಂಬುದನ್ನೂ ಬರೆದಿಡಬೇಕು.

ಕತೆಗೂ ಕ್ರಮ ಇದೇ, ಶ್ರಮ ಮಾತ್ರ ಹೆಚ್ಚು. ಫ್ರೆಂಚ್ ಕಾದಂಬರಿಕಾರ ಬಾಲ್ಜಾಕನ ಒಂದು ನೀಳ್ಗತೆಯನ್ನು ಬಾರ್ತ್ 1970ರಲ್ಲಿ 561 ತುಣುಕು ಮಾಡಿ, ಐದು ಸಂಕೇತವ್ಯವಸ್ಥೆಗಳಿಗೆ ಹಚ್ಚಿ ಓದಿದರು.

ಸಂರಚನೋತ್ತರ ಓದು, ಅಂದರೆ ಆ ವಿರುದ್ಧ ಜೋಡಿಗಳೇ ಎಲ್ಲಿ ಕುಸಿಯುತ್ತವೆ ಎಂದು ನೋಡುವ ಓದು, ಶುರುವಾಗುವುದು ಈ ಕೆಲಸ ಮುಗಿದ ಮೇಲೆ. ಪಂಜಾನಿಯಲ್ಲಿ ಉಳಿದ ಮುಖ್ಯ ಜೋಡಿ ತಾಜಾ–ಡಬ್ಬಿ. ಚಿತ್ರ ತಾಜಾತನವನ್ನು ಮೇಲಿಡುತ್ತದೆ, ಮಾರುವುದು ಮಾತ್ರ ಡಬ್ಬಿಯನ್ನು. ಒಂದೇ ಚೀಲದಿಂದ ಎರಡೂ ಹೊರಬಿದ್ದಿರುವುದರಿಂದ ಡಬ್ಬಿ ತರಕಾರಿಯ ಗುಣವನ್ನು ಕಡ ಪಡೆಯುತ್ತದೆ. ಆದರೆ ಹಾಗೆ ಕಡ ಕೊಡಲು ಸಾಧ್ಯವಾಗಬೇಕಾದರೆ ತರಕಾರಿಯೂ ಜೋಡಿಸಿಟ್ಟ, ಬೆಳಕು ಹೊಂದಿಸಿದ, ಪ್ಯಾಕ್ ಮಾಡಿದಷ್ಟೇ ಕೃತಕ ವಸ್ತುವಾಗಬೇಕು. ಜೋಡಿಯ ಗೆರೆ ಅಳಿಸುವುದು ಅಲ್ಲಿ. ಫ್ರೆಂಚ್ ತತ್ವಜ್ಞಾನಿ ಡೆರಿಡಾ 1967ರ ಪುಸ್ತಕಗಳಲ್ಲಿ ಮಾತು–ಬರಹದ ಜೋಡಿಯ ಮೇಲೆ ಮಾಡಿದ್ದು ಇಂಥದ್ದೇ: ಕೀಳೆಂದು ಬದಿಗಿಟ್ಟದ್ದನ್ನೇ ಮೇಲಿನದು ಆಶ್ರಯಿಸಿದೆ ಎಂದು ಪಠ್ಯದ ಒಳಗಿನಿಂದಲೇ ತೋರಿಸುವುದು. ‘ಯಾವ ಅರ್ಥವಾದರೂ ಸರಿ’ ಎಂಬ ಸಡಿಲ ಮಾತಿಗೆ ಇದು ಪರವಾನಗಿ ಅಲ್ಲ. ಅದೇ ವರ್ಷದ, ಬಾರ್ತ್ ಬರೆದ ‘ಲೇಖಕನ ಸಾವು’ ಪ್ರಬಂಧಕ್ಕೂ ಜನ ಹಾಗೇ ಅನ್ಯಾಯ ಮಾಡಿದ್ದಾರೆ. ಜೋಡಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದರೂ ಸಾಲದು, ಯಜಮಾನ ಬದಲಾದನಷ್ಟೆ.

ಚಿತ್ರದ ಜೊತೆ ಬರಹವಿದ್ದರೆ ಮೊದಲು ಅದನ್ನು ಕಾಗದದಿಂದ ಮುಚ್ಚಿ, ತೋಚುವ ಅರ್ಥಗಳನ್ನೆಲ್ಲ ಬರೆದುಕೊಳ್ಳಿ. ಆಮೇಲೆ ತೆರೆದು, ಬರಹ ಯಾವ ಅರ್ಥಗಳಿಗೆ ಬಾಗಿಲು ಹಾಕಿತೋ ಅವನ್ನು ಒಂದು ಗೆರೆಯಿಂದ ಹೊಡೆದುಹಾಕಿ, ಆದರೆ ಅಳಿಸಬೇಡಿ. ಬರಹ ಚಿತ್ರದ ಅರ್ಥವನ್ನು ಲಂಗರು ಹಾಕಿ ನಿಲ್ಲಿಸುತ್ತದೆ ಎಂದ ಬಾರ್ತ್ ಮಾತಿಗೆ ಆ ಹೊಡೆದುಹಾಕಿದ ಸಾಲುಗಳೇ ಪುರಾವೆ, ಎರಡನೇ ಸುತ್ತಿನ ಓದಿಗೆ ಸಾಮಗ್ರಿಯೂ ಅವೇ.